ಕಾಪಿಟ್ಟ ನೀರು ಮತ್ತು ಜನರ ಯೋಗಕ್ಷೇಮ: ಸೂಳೆಕೆರೆಯ ಸೀಮೆಯನ್ನು ಕುರಿತ ಒಂದು ವಿಚಾರ

ಕಡಲಿನ ಒಂದು ಭಾಗವನ್ನು ಗುರುತುಮಾಡಿ, ಅಲ್ಲಿ ಬಲೆ ಬೀಸಕೂಡದೆಂದೋ, ಇಂಥ ಕಾಲದಲ್ಲಿ ಮಾತ್ರ ಬೀಸಬಹುದೆಂದೋ ಕಟ್ಟುಪಾಡು ಮಾಡುವ ಪದ್ಧತಿಯು ಕಳೆದ ಐವತ್ತು ವರ್ಷಗಳಲ್ಲಿ ಅನೇಕ ದೇಶಗಳಲ್ಲಿ ಹಬ್ಬಿದೆ. ೨೦೨೨ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಸಭೆ ಸೇರಿದ ರಾಷ್ಟ್ರಗಳು ೨೦೩೦ರ ಹೊತ್ತಿಗೆ ನೆಲ, ಒಳನಾಡಿನ ನೀರು, ಕರಾವಳಿ ಮತ್ತು ಕಡಲುಗಳ ನೂರಕ್ಕೆ ೩೦ ಪಾಲನ್ನು ರಕ್ಷಣೆಗೆ ಒಳಪಡಿಸಬೇಕೆಂದು ಒಪ್ಪಿಕೊಂಡವು. ಹೀಗೆ ಕಾಪಿಟ್ಟ ನೀರಿನಿಂದ ಮನುಷ್ಯನ ಯೋಗಕ್ಷೇಮಕ್ಕೆ ಏನು ಒದಗುತ್ತದೆ, ಅದಕ್ಕೆ ತೆರಬೇಕಾದ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಗಳು ಈಗ ವಿದ್ವಾಂಸರ ನಡುವೆ ಬಹುವಾಗಿ ಚರ್ಚಿತವಾಗುತ್ತಿವೆ. ಆದರೆ ಕಡಲಿನ ರಕ್ಷಿತ ಪ್ರದೇಶಗಳ ವಯಸ್ಸು ಚಿಕ್ಕದು. ಒಂದೆರಡು ತಲೆಮಾರಿನ ಅನುಭವದಿಂದ ಇಂಥ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ನಮ್ಮ ಒಳನಾಡಿನಲ್ಲಾದರೋ ನೀರನ್ನು ಎಲ್ಲೆಕಟ್ಟಿ ಕಾಪಾಡಿದ ಚರಿತ್ರೆಯು ಸಾವಿರ ವರ್ಷಕ್ಕೆ ಸಮೀಪವಾದುದು. ಆ ಚರಿತ್ರೆಯ ಬೆಳಕಿನಲ್ಲಿ ಈ ಪ್ರಶ್ನೆಯನ್ನು ನೋಡುವುದು ಪ್ರಕೃತ ಲೇಖನದಲ್ಲಿ ನಮ್ಮ ಉದ್ದೇಶ. ಇದಕ್ಕಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಸೀಮೆಗಳನ್ನು ಆರಿಸಿಕೊಂಡಿದ್ದೇವೆ.

ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. ೧೯೯೭ರಲ್ಲಿ ಆ ಜಿಲ್ಲೆ ರಚಿತವಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಆದಕಾರಣ ಇಲ್ಲಿಯ ಶಾಸನಗಳನ್ನು ಹುಡುಕುವ ವಿದ್ಯಾರ್ಥಿಗಳು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಮತ್ತು ಹನ್ನೊಂದನೆಯ ಸಂಪುಟಗಳೆರಡನ್ನೂ ನೋಡಬೇಕಾಗುತ್ತದೆ. ಪಶ್ಚಿಮದಲ್ಲಿ ಮಲೆನಾಡಿನ ಸೆರಗು, ನಡುವೆ ತುಂಗಭದ್ರೆಯ ಬಯಲು, ಪೂರ್ವದಲ್ಲಿ ಮಳೆ ಕೈಕೊಡುವ ಜಗಳೂರಿನ ಒಣನೆಲ, ಹೀಗೆ ನೀರಿನ ಎಲ್ಲ ಅವಸ್ಥೆಗಳೂ ಒಂದೇ ಜಿಲ್ಲೆಯೊಳಗೆ ಕಾಣಸಿಗುವುದರಿಂದ ನಮ್ಮ ವಿಚಾರಕ್ಕೆ ಇದು ತಕ್ಕ ಕ್ಷೇತ್ರವಾಗಿದೆ.

ಇವುಗಳಲ್ಲಿ ಮುಖ್ಯವಾದುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ; ಈಗಿನ ಹೆಸರು ಶಾಂತಿಸಾಗರ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ನೀರನ್ನು ತಡೆದಿದ್ದಾರೆ. ಕೆರೆಯ ವಿಸ್ತಾರವನ್ನು ನೋಡಿ ಬಂದವರಿಗೆ ಏರಿಯ ಗಿಡ್ಡತನವೇ ಆಶ್ಚರ್ಯವನ್ನುಂಟುಮಾಡುತ್ತದೆ. ನೆಲದ ಇಳಿಜಾರನ್ನು ಬಲ್ಲವರು ಆರಿಸಿದ ತಾವು ಅದೆಂಬುದರಲ್ಲಿ ಸಂದೇಹವಿಲ್ಲ. ಕೆರೆಯಿಂದ ಹೊರಡುವ ಹರಿದ್ರಾ ಎಂಬ ಹೊಳೆಯು ಉತ್ತರಕ್ಕೆ ಹರಿದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಸಿದ್ಧನಾಲೆ, ಬಸವನಾಲೆಗಳೆಂಬ ಎರಡು ಕಾಲುವೆಗಳು ಗದ್ದೆ ತೋಟಗಳಿಗೆ ನೀರೊಯ್ಯುತ್ತವೆ.

ಕೆರೆಯನ್ನು ೧೧೨೮ರಲ್ಲಿ ಶಾಂತವ್ವೆ ಎಂಬ ರಾಜಕುಮಾರಿಯು ಕಟ್ಟಿಸಿದಳೆಂದು ಪ್ರತೀತಿಯಿದೆ. ೧೮೭೭ರಲ್ಲಿ ಮೈಸೂರು ಗೆಜೆಟಿಯರನ್ನು ಪ್ರಕಟಿಸಿದ ಬಿ. ಎಲ್. ರೈಸ್ ಅವರು ಹನ್ನೊಂದು ಅಥವಾ ಹನ್ನೆರಡನೆಯ ಶತಮಾನವೆಂದು ಹೇಳಿ ನಿಲ್ಲಿಸಿದ್ದಾರೆ. ನಾವೂ ಅಲ್ಲಿಗೇ ನಿಲ್ಲುವುದು ಲೇಸು. ಕಥೆಯ ಪ್ರಕಾರ ಇಲ್ಲಿ ಸ್ವರ್ಗಾವತಿಯೆಂಬ ಪಟ್ಟಣವಿದ್ದಿತು. ಅದರ ಅರಸನ ಮಗಳು ಸಿದ್ಧೇಶ್ವರನಲ್ಲಿ ಅನುರಕ್ತಳಾಗಿ, ಆ ದೋಷದ ಪರಿಹಾರಕ್ಕೆಂದು ಕೆರೆಯನ್ನು ಕಟ್ಟಿಸಿದಳು, ಪಟ್ಟಣವು ಮುಳುಗಿತು, ಸಿಟ್ಟಾದ ತಂದೆಯು ಅದನ್ನು ಸೂಳೆಯ ಕೆರೆಯೆಂದು ಶಪಿಸಿದನು. ಇದನ್ನು ಚರಿತ್ರೆಯೆಂದು ಯಾರೂ ಗ್ರಹಿಸಲಾರರು. ಆದರೂ ಕಥೆಯ ಒಳಗೆ ಒಂದು ನೆನಪು ಉಳಿದಿರುವಂತೆ ನಮಗೆ ತೋರುತ್ತದೆ. ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲೊಂದು, ಮಹಾಪುಣ್ಯಕಾರ್ಯ ಎಂದು ಶಾಸನಗಳೆಲ್ಲ ಒಂದೇ ಧ್ವನಿಯಿಂದ ಹೊಗಳುತ್ತಿರುವಾಗ, ಈ ನಾಡಿನ ದೊಡ್ಡ ಕೆರೆಗಳಲ್ಲೊಂದು ತನ್ನ ಹೆಸರಿನಲ್ಲಿಯೇ ಬೈಗುಳನ್ನು ಹೊತ್ತಿದೆ. ಯಾರ ಹೊಲ ಮನೆಗಳು ನೀರಿನಡಿಗೆ ಹೋದವೋ ಅವರ ಬಾಯಿಂದಲ್ಲದೆ ಬೇರೆ ಯಾರಿಂದ ಇಂಥ ಹೆಸರು ಹುಟ್ಟೀತು? ನೀರನ್ನು ಕಾಪಿಡುವ ಕೆಲಸದಲ್ಲಿ ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆಗುವುದುಂಟೆಂಬ ವಿಷಯವು ಹೊಸ ಸಂಶೋಧನೆಯೇನಲ್ಲ.

ಇನ್ನು ಅಳತೆಯ ಮಾತು. ರೈಸ್ ಅವರು ಕೆರೆಯ ಸುತ್ತಳತೆಯನ್ನು ೪೦ ಮೈಲಿಯೆಂದು ಬರೆದಿದ್ದಾರೆ. ಇಂದು ಸಾಮಾನ್ಯವಾಗಿ ಹೇಳುವ ಲೆಕ್ಕ ೩೦ ಕಿಲೋಮೀಟರು. ೪೦ ಮೈಲಿಯೆಂದರೆ ೬೪ ಕಿಲೋಮೀಟರು. ಹಾಗಾದರೆ ಅರ್ಧಕ್ಕಿಂತ ಹೆಚ್ಚು ದಂಡೆಯು ಕರಗಿಹೋಯಿತೆ ಎಂದು ಓದುಗರು ಬೆರಗಾಗಬಹುದು. ಎರಡು ಅಳತೆಗಳೂ ಒಂದೇ ಗೆರೆಯನ್ನು ಹಿಡಿದು ಅಳೆದವುಗಳಲ್ಲವಾದ್ದರಿಂದ ಅಂಥ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. ಒಬ್ಬರು ಪ್ರತಿಯೊಂದು ಹಿನ್ನೀರಿನ ಕವಲನ್ನೂ ಸುತ್ತಿ ಎಣಿಸಿರಬಹುದು. ಇನ್ನೊಬ್ಬರು ನಕ್ಷೆಯ ಮೇಲೆ ನೂಲು ಹಿಡಿದಿರಬಹುದು. ಆದರೆ ಕೆರೆಯ ಎಲ್ಲೆಯೆಂದರೆ ಯಾವುದು ಎಂಬ ಪ್ರಶ್ನೆಗೆ ನಿಶ್ಚಿತ ಉತ್ತರವಿಲ್ಲದಿರುವುದಂತೂ ಈ ವ್ಯತ್ಯಾಸದಿಂದ ವಿದಿತವಾಗುತ್ತದೆ. ಈ ಸಂಗತಿಯು ಮುಂದೆ ನಮಗೆ ಬೇಕಾಗುತ್ತದೆ. ಏಷ್ಯದಲ್ಲಿಯೇ ಎರಡನೆಯ ದೊಡ್ಡ ಕೆರೆ ಎಂಬ ಮಾತು ಬಹು ಪ್ರಚಾರದಲ್ಲಿದ್ದರೂ ಅದನ್ನು ಅಭಿಮಾನದ ನುಡಿಯೆಂದು ಮಾತ್ರ ತಿಳಿಯಬೇಕು.

ಕೆರೆಗೆ ನೀರು ಹರಿದುಬರುವ ನೆಲ ೮೧,೪೮೩ ಎಕರೆ, ನೀರು ನಿಲ್ಲುವ ನೆಲ ೬,೫೫೦ ಎಕರೆ, ನೀರುಣ್ಣುವ ನೆಲ ೪,೭೦೦ ಎಕರೆ ಎಂದು ಲೆಕ್ಕವಿದೆ. ಈ ಮೂರು ಅಂಕಿಗಳನ್ನು ಜೊತೆಯಲ್ಲಿಟ್ಟು ನೋಡುವವರು ವಿರಳ. ಮುಳುಗಡೆಯ ನೆಲಕ್ಕಿಂತ ಅಚ್ಚುಕಟ್ಟಿನ ನೆಲವೇ ಕಡಿಮೆ! ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಮೊದಲನೆಯ ಬುಕ್ಕನ ಮಗನಾದ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ನೀರು ಹೆಚ್ಚಾಗಿ ನೆಲ ಕಡಿಮೆಯಾಗುವುದು ಆ ಆರರಲ್ಲಿ ಒಂದು. ಆ ಶಾಸ್ತ್ರದ ಕಣ್ಣಿಗೆ ಸೂಳೆಕೆರೆಯು ದೋಷಯುಕ್ತವೆಂದೇ ಕಂಡೀತು. ಆದರೆ ನೀರಾವರಿಯ ಎಕರೆಗಳಿಂದ ಮಾತ್ರ ಕೆರೆಯ ಪ್ರಯೋಜನವನ್ನು ಅಳೆಯುವುದು ಎಷ್ಟು ಕೊರತೆಯದೆಂಬುದೂ ಇಲ್ಲಿಯೇ ಗೊತ್ತಾಗುತ್ತದೆ. ಕೆರೆಯ ಕೆಳಗಣ ಊರುಗಳ ಬಾವಿಗಳಲ್ಲಿ ನೀರು ನಿಲ್ಲುವುದು ಕೆರೆ ನಿಂತಿರುವುದರಿಂದ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಅಂಗಳದಲ್ಲಿ ದನಕುರಿಗಳಿಗೆ ಹಸುರು ಸಿಕ್ಕುತ್ತದೆ. ಮೀನು ಹಿಡಿದು ಬದುಕುವ ಕುಟುಂಬಗಳಿವೆ. ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ. ೧೭೦ಕ್ಕೂ ಮಿಕ್ಕ ಹಳ್ಳಿಗಳು ಇದನ್ನು ಆಶ್ರಯಿಸಿವೆಯೆಂದು ಹೇಳುತ್ತಾರೆ. ಇವುಗಳಲ್ಲಿ ಒಂದೂ ಕಂದಾಯದ ಹಳೆಯ ಕಡತಗಳಲ್ಲಿ ಕೆರೆಯ ಆದಾಯವೆಂದು ಬರೆಯಲ್ಪಡುತ್ತಿರಲಿಲ್ಲ.

ಕೆರೆಗಳನ್ನು ಹಿಂದಿನವರು ಕಾಪಾಡಿದ ಬಗೆ ಯಾವುದು? ಕನ್ನಡ ಶಾಸನಗಳಲ್ಲಿ ಇದಕ್ಕೆ ಸಂಬಂಧಿಸಿದ ಪದಗಳ ಒಂದು ಭಂಡಾರವೇ ಇದೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ಒಡೆದುದನ್ನು ಕಟ್ಟಿದವನಿಗೆ ಕಟ್ಟುಕೊಡಗೆ. ಕೆರೆಯ ಜೀರ್ಣೋದ್ಧಾರಕ್ಕಾಗಿ ಬಿಟ್ಟ ಗದ್ದೆಗೆ ಕೆರೆಗೊಡಗೆ. ಕೆರೆಯ ಕೆಳಗಣ ಬೆಳೆಯಲ್ಲಿ ಒಂದು ಪಾಲಿಗೆ ಬಿತ್ತುವಟ್ಟ ಅಥವಾ ದಶವಂದ. ಹೂಳನ್ನು ಹೊರುವ ಬಂಡಿಯ ಖರ್ಚಿಗಾಗಿ ಬೇರೆ ದತ್ತಿ. ಹಳ್ಳಿಯ ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನಿರ್ಣಯಿಸುವವನು ಅವನು. ಮಳೆಗಾಲದ ರಾತ್ರಿಯಲ್ಲಿ ಕೋಡಿಯನ್ನು ನೋಡಿಬರುವವನೂ ಅವನೇ. ಕುಯ್ಲಿನಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಕೆಲವೆಡೆಗಳಲ್ಲಿ ಮಾನ್ಯದ ಭೂಮಿಯೂ ಇತ್ತು. ಕೆರೆಯನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪಾಶಯವನ್ನು ಓದಿ ನಮ್ಮ ಪೂರ್ವಿಕರ ಧರ್ಮಭೀರುತ್ವವನ್ನು ಮೆಚ್ಚಿಕೊಳ್ಳುವವರು ಬಹಳ. ನಮ್ಮ ಅಭಿಪ್ರಾಯದಲ್ಲಿ ಕೆರೆಗಳು ಉಳಿದದ್ದು ಶಾಪಕ್ಕಿಂತ ಹೆಚ್ಚಾಗಿ ಕೊಡಗೆಯಿಂದ. ನೀರು ಕಾಯುವವನ ಗದ್ದೆಯು ಆ ನೀರಿನ ಕೆಳಗೇ ಇತ್ತು. ತೂಬು ಸೋರಿದರೆ ಮೊದಲು ಒಣಗುತ್ತಿದ್ದುದು ಅವನ ಪೈರು. ಕಾಪು ಮತ್ತು ಭೋಗ, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದ ವ್ಯವಸ್ಥೆ ಇದು. ಅದು ಎಲ್ಲರಿಗೂ ನ್ಯಾಯವನ್ನು ದೊರಕಿಸಿತ್ತೆಂದು ನಾವು ಹೇಳುವುದಿಲ್ಲ. ಹೂಳನ್ನು ಹೊತ್ತ ಕೈಗಳಿಗೂ ಕೊಡಗೆಯ ಗದ್ದೆಗೂ ಅನೇಕ ವೇಳೆ ಸಂಬಂಧವೇ ಇರುತ್ತಿರಲಿಲ್ಲ.

ಈ ಗಂಟು ಸಡಿಲವಾದುದು ಹಂತಹಂತವಾಗಿ. ೧೮೩೧ರ ಅನಂತರ ಮೈಸೂರು ಸೀಮೆಯು ಕಮಿಷನರುಗಳ ಆಡಳಿತಕ್ಕೆ ಬಂದಿತು. ೧೮೫೬ರಲ್ಲಿ ಮರಾಮತ್ತು ಇಲಾಖೆಯು ಸ್ಥಾಪಿತವಾಯಿತು. ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ೧೮೬೬ರಲ್ಲಿ, ಈ ನಾಡಿನಲ್ಲಿ ಹೊಸ ಕೆರೆಗೆ ಎಡೆಯನ್ನು ಹುಡುಕುವುದೇ ಪ್ರಯಾಸವೆಂಬ ಆಶಯವನ್ನು ವ್ಯಕ್ತಪಡಿಸಿದರು. ಹಿಂದಿನವರ ಕೆಲಸಕ್ಕೆ ಅದು ದೊಡ್ಡ ಮನ್ನಣೆ. ಆದರೆ ಅದೇ ಕಾಲದಲ್ಲಿ ಕೆರೆಗಳ ಜವಾಬ್ದಾರಿಯು ಊರಿನಿಂದ ಕಛೇರಿಗೆ ಸಾಗತೊಡಗಿತು. ೧೯೧೧ರ ಕೆರೆ ಪಂಚಾಯತಿ ರೆಗ್ಯುಲೇಷನ್ನಿನ ಮೂಲಕ ಮೈಸೂರು ಸರ್ಕಾರವು ರೈತರನ್ನು ಮತ್ತೆ ಕೆರೆಯ ಕೆಲಸಕ್ಕೆ ಕರೆತರಲು ಪ್ರಯತ್ನಿಸಿತು. ಕೊನೆಗೆ ೧೯೫೪ರ ಇನಾಮು ರದ್ದತಿ ಅಧಿನಿಯಮ ಮತ್ತು ೧೯೬೧ರ ಗ್ರಾಮ ಅಧಿಕಾರ ಹುದ್ದೆಗಳ ರದ್ದತಿ ಅಧಿನಿಯಮಗಳು ಬಂದವು. ವಂಶಪಾರಂಪರ್ಯದ ಅಧಿಕಾರವನ್ನು ಕಿತ್ತುಹಾಕಿದುದು ಅಗತ್ಯವಾಗಿಯೇ ಇತ್ತು. ಅದನ್ನು ಆಕ್ಷೇಪಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಕೆರೆಗಳ ಮಟ್ಟಿಗೆ ಆದುದಿಷ್ಟು: ಸೇವೆಗೆಂದು ಬಿಟ್ಟ ಭೂಮಿಯು ಸೇವೆಯಿಂದ ಬೇರೆಯಾಯಿತು, ಭೂಮಿ ಉಳಿಯಿತು, ಸೇವೆ ನಿಂತಿತು. ನೀರುಗಂಟಿಯ ಜಾಗದಲ್ಲಿ ಯಾರು ಎಂಬ ಪ್ರಶ್ನೆಗೆ ಅನೇಕ ಹಳ್ಳಿಗಳಲ್ಲಿ ಈವರೆಗೂ ಉತ್ತರ ಸಿಕ್ಕಿಲ್ಲ.

ಹೊಳೆಯ ನೀರನ್ನು ಕಾಪಿಟ್ಟ ರೀತಿಯು ಇದಕ್ಕಿಂತ ಭಿನ್ನವಾದುದು. ಅಲ್ಲಿ ಕೊಡಗೆಯ ಸ್ಥಾನದಲ್ಲಿ ದೇವರಿದ್ದಾನೆ. ನ್ಯಾಮತಿ ತಾಲ್ಲೂಕಿನಲ್ಲಿ, ಸಿಂದ ಮನೆತನದವರು ಆಳಿದ ಬೆಳಗುತ್ತಿಯ ಬಳಿ, ತೀರ್ಥರಾಮೇಶ್ವರದ ಬೆಟ್ಟದ ಮೇಲೆ ವರ್ಷವಿಡೀ ಬತ್ತದ ಒಂದು ಬುಗ್ಗೆಯಿದೆ. ರಾಮನ ಬಾಣದಿಂದ ಹುಟ್ಟಿದುದೆಂದು ನಂಬುಗೆ. ಬುಗ್ಗೆಯನ್ನು ತೀರ್ಥವೆಂದು ಕರೆದಾಗ ಅದರ ಮೇಲಣ ಕಾಡಿಗೂ ಒಂದಷ್ಟು ರಕ್ಷೆ ಸಿಕ್ಕುತ್ತದೆ. ತುಂಗೆಯ ಮೇಲ್ದಂಡೆಯಲ್ಲಿ ಶೃಂಗೇರಿಯ ಮಠದ ಎದುರಿಗೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಮತ್ಸ್ಯಧಾಮಗಳಿವೆ. ಅಲ್ಲಿಯ ಮೀನುಗಳನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಈ ಮಡುಗಳಲ್ಲಿ ಬೆಳೆಯುವ ಮಹಶೀರ್ ಮುಂತಾದ ಜಾತಿಗಳು ಮಳೆಗಾಲದಲ್ಲಿ ಹೊಳೆಯುದ್ದಕ್ಕೂ ಸಂಚರಿಸುವ ಸ್ವಭಾವದವು. ಒಂದು ಮಡುವಿನಲ್ಲಿ ದೊಡ್ಡ ಮೀನುಗಳು ನಿರ್ಭಯವಾಗಿ ಉಳಿದರೆ ಅವುಗಳ ಸಂತತಿಯು ಆ ಮಡುವಿನಲ್ಲಿಯೇ ನಿಲ್ಲದೆ ಹೊಳೆಗೆ ಹರಡುತ್ತದೆ. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹೊನ್ನಾಳಿಯ ಪಕ್ಕದಲ್ಲಿ ಹರಿಯುವ ನೀರಿನಲ್ಲಿ ಬಲೆ ಬೀಸುವವನಿಗೆ ಒಂದು ಕಾಲಕ್ಕೆ ಶೃಂಗೇರಿಯ ನಿಷೇಧದಿಂದ ಲಾಭವಿದ್ದಿರಬೇಕು ಎಂಬುದು ನಮ್ಮ ಊಹೆ. ನಡುವೆ ಗಾಜನೂರಿನ ಅಣೆಕಟ್ಟು ಬಂದ ಮೇಲೆ ಆ ದಾರಿಯು ಮೊದಲಿನಂತೆ ತೆರೆದಿಲ್ಲ. ಸ್ಫೋಟಕ ಮತ್ತು ವಿಷಗಳಿಂದ ಮೀನು ಹಿಡಿಯುವುದನ್ನು ೧೮೯೭ರ ಭಾರತ ಮೀನುಗಾರಿಕೆ ಅಧಿನಿಯಮವು ನಿಷೇಧಿಸಿತು. ಮೈಸೂರು ಸಂಸ್ಥಾನವು ೧೯೦೧ರಲ್ಲಿ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ರೆಗ್ಯುಲೇಷನ್ನನ್ನು ತಂದಿತು. ದೇವರ ಹೆಸರು ತಲುಪದ ಮಡುಗಳಿಗೆ ಈ ಕಾನೂನೇ ಆಸರೆಯಾಗಬೇಕಾಯಿತು.

ಜಗಳೂರಿನಲ್ಲಿ ಚಿತ್ರವೇ ಬೇರೆ. ಅಲ್ಲಿ ಮಳೆ ಸಾಲದು. ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ದೋಷ. ೨೦೧೧ರಲ್ಲಿ ಈ ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು, ಸುಮಾರು ೭೭ ಚದರ ಕಿಲೋಮೀಟರು ವಿಸ್ತಾರವನ್ನು, ನಾಲ್ಕು ಕೊಂಬಿನ ಕೊಂಡುಕುರಿಗಾಗಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಹೆಸರು ಕುರಿಯದಾದರೂ ಇಂಥ ಕುರುಚಲು ಕಾಡು ಮಾಡುವ ದೊಡ್ಡ ಉಪಕಾರವು ನೀರಿಗೆ ಸಂಬಂಧಿಸಿದುದು. ಬಿದ್ದ ಮಳೆ ಮಣ್ಣನ್ನು ಕೊಚ್ಚಿಕೊಂಡು ಓಡದೆ ನೆಲಕ್ಕಿಳಿಯುತ್ತದೆ. ಕೆಳಗಣ ಕೆರೆಗಳಲ್ಲಿ ಹೂಳು ಕಡಿಮೆಯಾಗುತ್ತದೆ. ಆದರೆ ಕಾಡಿನಂಚಿನ ಕುರಿಗಾರನಿಗೂ ಸೌದೆ ಹೊರುವ ಹೆಂಗಸಿಗೂ ಈ ಉಪಕಾರವು ಕಣ್ಣಿಗೆ ಕಾಣುವಂಥದಲ್ಲ. ಅವರಿಗೆ ಕಾಣುವುದು ಬೇಲಿ. ಇತ್ತ ತುಂಗಭದ್ರೆಯಿಂದ ನೀರನ್ನೆತ್ತಿ ತಾಲ್ಲೂಕಿನ ೫೭ ಕೆರೆಗಳನ್ನು ತುಂಬಿಸುವ ಯೋಜನೆಯೊಂದನ್ನು ಕೈಗೊಳ್ಳಲಾಗಿದೆ. ಅಲ್ಲಿಯ ಜನರ ಬಹುಕಾಲದ ಬೇಡಿಕೆಯದು. ಹೊರಗಿನ ನೀರು ಬರುವ ಕೆರೆಗೆ ತನ್ನ ಜಲಾನಯನದ ಹಂಗು ಇಲ್ಲವೆಂದು ಜನರು ಭಾವಿಸಿದರೆ, ಹಳ್ಳಗಳ ದಾರಿಯು ಹೊಲಗಳೊಳಗೆ ಸೇರಿಹೋಗಲು ತಡವಾಗದು.

ಈಗ ಕಡಲಿನ ಕಡೆಗೆ ತಿರುಗೋಣ. ನ್ಯೂಜಿಲೆಂಡಿನ ಲೀ ಎಂಬಲ್ಲಿ ೧೯೭೫ರಲ್ಲಿ ಸುಮಾರು ೫ ಚದರ ಕಿಲೋಮೀಟರು ಕಡಲನ್ನು ಪೂರ್ಣವಾಗಿ ಮೀನುಗಾರಿಕೆಯಿಂದ ಹೊರಗಿಟ್ಟರು. ಮೊದಲು ವಿರೋಧವಿತ್ತು. ಕೆಲವು ವರ್ಷಗಳಲ್ಲಿ ದೊಡ್ಡ ಮೀನುಗಳೂ ಕಡಲ ಸಿಗಡಿಗಳೂ ಹಿಂದಿರುಗಿದವು. ಅವು ಕಡಲ ಮುಳ್ಳುಚೆಂಡುಗಳನ್ನು ತಿಂದುದರಿಂದ ಮುಳ್ಳುಚೆಂಡುಗಳ ಹಾವಳಿಗೆ ಬೋಳಾಗಿದ್ದ ಬಂಡೆಗಳ ಮೇಲೆ ಮತ್ತೆ ಪಾಚಿಯ ಕಾಡು ಬೆಳೆಯಿತು. ಒಂದು ಜೀವಿಯನ್ನು ಉಳಿಸಿದರೆ ಇಡೀ ನೆಲೆಯೇ ಚೇತರಿಸಿಕೊಳ್ಳುವುದಕ್ಕೆ ಇದೊಂದು ಪ್ರಸಿದ್ಧ ನಿದರ್ಶನ. ಆದರೆ ಎಲ್ಲೆಯ ಅಂಚಿನಲ್ಲಿಯೇ ಬೋನುಗಳನ್ನಿಟ್ಟು ಸಿಗಡಿಯನ್ನು ಹಿಡಿಯತೊಡಗಿದ ಮೇಲೆ ಒಳಗಿನ ಸಂಖ್ಯೆಯೂ ಇಳಿಯಿತೆಂದು ಅನಂತರದ ಅಧ್ಯಯನಗಳು ತೋರಿಸಿವೆ. ನಮ್ಮ ಕೆರೆಯಂಚಿನ ಸಮಸ್ಯೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ನಮ್ಮದೇ ಕರಾವಳಿಯಲ್ಲಿ ಅಘನಾಶಿನಿಯ ಅಳಿವೆಯ ಉದಾಹರಣೆಯಿದೆ. ೧೯೭೧ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದವನ್ನು ಭಾರತವು ೧೯೮೨ರಲ್ಲಿ ಸೇರಿತು. ಅದರ ಪಟ್ಟಿಯಲ್ಲಿ ಅಘನಾಶಿನಿಯು ಅಂಕಸಮುದ್ರ ಮತ್ತು ಮಾಗಡಿ ಕೆರೆಗಳೊಡನೆ ೨೦೨೪ರಲ್ಲಿ ಸ್ಥಾನ ಪಡೆಯಿತು. ಅಂದರೆ ಕಡಲಂಚಿನ ಅಳಿವೆಯೂ ಬಯಲುಸೀಮೆಯ ಕೆರೆಗಳೂ ಒಂದೇ ಸಾಲಿನಲ್ಲಿ ಕುಳಿತಿವೆ. ನಾವು ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೆ ಇಟ್ಟುದು ವಿಚಿತ್ರವೆಂದು ಯಾರೂ ಹೇಳಲಾರರು. ಅಘನಾಶಿನಿಗೆ ಅಣೆಕಟ್ಟಿಲ್ಲ. ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪು ಆಯುವ ಹೆಂಗಸರು, ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಭೂಮಿಯ ರೈತರು, ಕಾಂಡ್ಲಾ ಗಿಡಗಳ ಬೇರಿನಡಿ ಬೆಳೆಯುವ ಮೀನುಮರಿಗಳು, ಎಲ್ಲರೂ ಒಂದೇ ನೀರಿನ ಪಾಲುದಾರರು. ಇವರನ್ನು ಹೊರಗಟ್ಟಿ ಅಳಿವೆಯನ್ನು ಉಳಿಸುವೆವೆಂದರೆ ಉಳಿಸಲು ಹೆಚ್ಚೇನೂ ಇರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ಕಾಲ ಯಂತ್ರದ ದೋಣಿಗಳು ಕಡಲಿಗಿಳಿಯದಿರುವ ಕಟ್ಟಳೆಯೂ ಇಂಥದೇ. ಅದು ನಡೆಯುತ್ತಿರುವುದಕ್ಕೆ ಮುಖ್ಯ ಕಾರಣವೆಂದರೆ, ಮಳೆಗಾಲದ ಬಿಡುವಿನಿಂದ ಆಗಸ್ಟಿನಲ್ಲಿ ತಮ್ಮ ಬಲೆಗೇ ಮೀನು ಬರುವುದೆಂದು ಮೀನುಗಾರರು ತಲೆಮಾರುಗಳಿಂದ ಬಲ್ಲವರಾಗಿರುವುದು.

ಮತ್ತೆ ಸೂಳೆಕೆರೆಗೆ ಬರೋಣ. ೧೯೬೦ರ ದಶಕದಲ್ಲಿ ಭದ್ರಾ ನೀರಾವರಿಯು ಈ ಸೀಮೆಗೆ ಬಂದ ಮೇಲೆ ನಾಲೆಯ ನೀರೂ ಕೆರೆಗೆ ಕೂಡುತ್ತಿದೆ. ಚನ್ನಗಿರಿಯು ಅಡಕೆಗೆ ಹೆಸರಾದ ತಾಲ್ಲೂಕು. ತೋಟದ ನೆಲದ ಬೆಲೆ ಏರಿದಂತೆಲ್ಲ ಕೆರೆಯಂಗಳದ ಅಂಚು ಒಳಕ್ಕೆ ಸರಿಯುತ್ತ ಬಂದಿದೆಯೆಂಬ ದೂರು ಹಳೆಯದು. ಇಲ್ಲಿ ನ್ಯಾಯದ ಪ್ರಶ್ನೆಯು ಸುಲಭವಾಗಿಲ್ಲ. ಬೇಸಗೆಯಲ್ಲಿ ನೀರು ಸರಿದ ಜಾಗದಲ್ಲಿ ಒಂದು ಬೆಳೆ ತೆಗೆದುಕೊಂಡು, ನೀರು ಬಂದಾಗ ಬಿಟ್ಟುಕೊಡುವ ಬಡ ರೈತನೂ, ಅದೇ ಜಾಗಕ್ಕೆ ಮಣ್ಣು ತುಂಬಿ ಅಡಕೆ ನೆಟ್ಟು ಶಾಶ್ವತವಾಗಿ ನಿಲ್ಲುವವನೂ ಕಾಗದದಲ್ಲಿ ಒಂದೇ ಹೆಸರಿನ ಒತ್ತುವರಿದಾರರು. ಮೊದಲನೆಯವನು ಕೆರೆಯ ಏರಿಳಿತವನ್ನು ಒಪ್ಪಿಕೊಂಡವನು; ಎರಡನೆಯವನಿಗೆ ಕೆರೆ ತುಂಬುವುದೇ ನಷ್ಟ. ಇಬ್ಬರನ್ನೂ ಒಂದೇ ಕೋಲಿನಿಂದ ಅಳೆಯುವ ರಕ್ಷಣೆಯು ಮೊದಲನೆಯವನನ್ನು ಬೇಗ ಎಬ್ಬಿಸುತ್ತದೆ, ಎರಡನೆಯವನನ್ನು ನ್ಯಾಯಾಲಯಕ್ಕೆ ಕಳುಹಿಸುತ್ತದೆ. ೨೦೧೪ರ ಕೆರೆ ಸಂರಕ್ಷಣಾ ಅಧಿನಿಯಮವಾಗಲಿ ೨೦೧೭ರ ಜೌಗುಭೂಮಿ ನಿಯಮಗಳಾಗಲಿ ಕೆಲಸಮಾಡಬೇಕಾದರೆ ಮೊದಲು ಎಲ್ಲೆಯ ನಿಶ್ಚಯವಾಗಬೇಕು. ಎಲ್ಲೆಯ ನಿಶ್ಚಯಕ್ಕೆ, ತುಂಬಿದ ಕೆರೆಯ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತೆಂಬುದರ ದಾಖಲೆ ಬೇಕು.

ಅಂಥ ದಾಖಲೆಯನ್ನು ಒದಗಿಸುವುದು ಚರಿತ್ರೆಯ ವಿದ್ಯಾರ್ಥಿಗಳ ಕೈಯಲ್ಲಿದೆ. ಹಳೆಯ ಮೈಸೂರಿನ ಸರ್ವೆಯ ಗ್ರಾಮನಕ್ಷೆಗಳಲ್ಲಿ ಕೆರೆಯಂಗಳವನ್ನೂ ಖರಾಬು ನೆಲವನ್ನೂ ಬೇರೆಯಾಗಿ ತೋರಿಸಿರುತ್ತಾರೆ. ಇನಾಮು ರಿಜಿಸ್ಟರುಗಳಲ್ಲಿ ನೀರುಗಂಟಿಯ ಮಾನ್ಯಗಳನ್ನು ಚಕ್ಕುಬಂದಿ ಸಹಿತ ಬರೆದಿರುವುದುಂಟು. ಆ ಚಕ್ಕುಬಂದಿಯ ಒಂದು ದಿಕ್ಕಿಗೆ ಕೆರೆಯ ನೀರೇ ಎಲ್ಲೆಯಾಗಿರುವ ಕಡೆಗಳನ್ನು ಆರಿಸಿ, ಸ್ಥಳದಲ್ಲಿ ನಿಂತು ತಾಳೆನೋಡಬೇಕು. ಬಸವಾಪಟ್ಟಣದ ಕಡೆಯ ಮೀನುಗಾರರೂ ಅಂಗಳದ ರೈತರೂ ತುಂಬಿದ ಕೆರೆಯ ಗುರುತುಗಳಿಗೆ ಬಳಸುವ ಹೆಸರುಗಳನ್ನು ಅವರು ಹೇಳುವ ಹಾಗೆಯೇ ಬರೆದುಕೊಳ್ಳಬೇಕು. ಚನ್ನಗಿರಿ, ಹೊನ್ನಾಳಿಗಳ ಕಾಲೇಜುಗಳ ವಿದ್ಯಾರ್ಥಿಗಳು ಎರಡು ಬೇಸಗೆಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು. ಏರಿಯ ಕಡೆಯಿಂದ ಪ್ರಾರಂಭಿಸಿದರೆ ದಾರಿ ಸುಲಭ.